ಕೆರೆ ಕೆಟ್ಟಿದೆಯೋ, ಮೀಟರ್ ಕೆಟ್ಟಿದೆಯೋ? ನಗರದ ಜಲಮೂಲಗಳ ಮಾಲಿನ್ಯ ಮಾಪನದಲ್ಲಿ ದೋಷ ಪತ್ತೆ

ನಗರದ ಕೆರೆಯೊಂದರಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನ 3 ಗಂಟೆಗೆ ಲೀಟರಿಗೆ 14 ಮಿ.ಗ್ರಾಂ, ಮರುದಿನ ಬೆಳಗಿನ ಜಾವ 5ಕ್ಕೆ 0.4 ಮಿ.ಗ್ರಾಂ ಎಂದು ಮೀಟರ್ ತೋರಿಸಿದರೆ ಸೆನ್ಸರ್ ಕೆಟ್ಟಿದೆ ಎಂದೇ ಮೊದಲು ಅನ್ನಿಸುತ್ತದೆ. ಆದರೆ ಆ ಎರಡೂ ಅಂಕಿಗಳು ನಿಜವಿರಬಹುದು. ಇನ್ನೊಂದು ಕೆರೆಯಲ್ಲಿ ವಾರವಿಡೀ 6.8ರಲ್ಲೇ ಅಲುಗಾಡದೆ ನಿಂತ ಗೆರೆ ಕಂಡರೆ ನೀರು ಚೆನ್ನಾಗಿದೆ ಅನ್ನಿಸುತ್ತದೆ. ಅಲ್ಲಿ ಪ್ರೋಬ್ (ನೀರಿನಲ್ಲಿ ಮುಳುಗಿಸಿಟ್ಟ ಸೆನ್ಸರ್) ಸತ್ತು ವಾರವೇ ಆಗಿರಬಹುದು. ಜೀವ ಇರುವ ನೀರಿನಲ್ಲಿ ಯಾವ ಅಂಕಿಯೂ ಹಗಲು ರಾತ್ರಿ ಒಂದೇ ಕಡೆ ನಿಲ್ಲುವುದಿಲ್ಲ.

ಹಾಗಾಗಿ ಈ ಕೈಪಿಡಿ ಕೇಳುವುದು ಒಂದೇ ಪ್ರಶ್ನೆ: ಬದಲಾಗಿದ್ದು ನೀರೋ, ಉಪಕರಣವೋ? ಇದನ್ನು ಬಿಡಿಸಿಕೊಳ್ಳದೆ ಕ್ಯಾಲಿಬ್ರೇಷನ್‌ಗೆ (ಗೊತ್ತಿರುವ ಮೌಲ್ಯಕ್ಕೆ ಮೀಟರನ್ನು ಹೊಂದಿಸುವುದಕ್ಕೆ) ಕೈಹಾಕಿದರೆ ಆ ಪ್ರಶ್ನೆಗೆ ಉತ್ತರ ಮತ್ತೆಂದೂ ಸಿಗುವುದಿಲ್ಲ. ಅನುಮಾನ ಬಂದ ಕೂಡಲೇ ಪ್ರೋಬ್ ಎತ್ತಿ, ತೊಳೆದು, ಬಟನ್ ಒತ್ತಿ ಹೊಸ ಮೌಲ್ಯ ಕೂರಿಸುವುದು ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಅದರ ಹಿಂದಿನ ಎರಡು ವಾರದ ದತ್ತಾಂಶ ಎಷ್ಟು ತಪ್ಪಿತ್ತು ಎಂದು ಹೇಳಬಲ್ಲ ಸಾಕ್ಷಿ ಆ ತೊಳೆದ ನೀರಿನ ಜೊತೆಗೇ ಹೋಗಿಬಿಡುತ್ತದೆ.

ತೊಳೆಯುವ ಮುಂಚೆ ಬರೆದುಕೊಳ್ಳಿ

ಸ್ಥಳಕ್ಕೆ ಹೋಗುವಾಗ ಅದೇ ದಿನ ಬೆಳಿಗ್ಗೆ ಕ್ಯಾಲಿಬ್ರೇಟ್ ಮಾಡಿದ ಕೈಮೀಟರ್ ಒಂದನ್ನು ಜೊತೆಗೆ ಒಯ್ಯಬೇಕು. ನಂತರದ ಕ್ರಮ ಹೀಗೆ:

1. ನೀರಿನಲ್ಲಿರುವ ಪ್ರೋಬನ್ನು ಮುಟ್ಟದೆ, ಅದರ ಪಕ್ಕದಲ್ಲೇ ಅದೇ ಆಳದಲ್ಲಿ ಕೈಮೀಟರ್ ಇಳಿಸಿ. ಎರಡರ ಅಂಕಿಯನ್ನೂ ಸಮಯದೊಂದಿಗೆ ಬರೆದುಕೊಳ್ಳಿ.
2. ಪ್ರೋಬ್ ಎತ್ತಿ ಫೋಟೊ ತೆಗೆಯಿರಿ. ಲೋಳೆ, ಹೂಳು, ಹುಳುಗಳ ಗೂಡು, ಸುತ್ತಿಕೊಂಡ ಪ್ಲಾಸ್ಟಿಕ್, ಏನಿದ್ದರೂ ಬರೆದಿಡಿ. ಆಮೇಲೆ ಮೃದು ಬ್ರಷ್ ಮತ್ತು ಆ ಕೆರೆಯದೇ ನೀರಿನಿಂದ ತೊಳೆಯಿರಿ.
3. ತೊಳೆದದ್ದನ್ನು ಮೊದಲಿದ್ದ ಜಾಗಕ್ಕೇ ಇಳಿಸಿ, ಅಂಕಿ ಸ್ಥಿರವಾದ ಮೇಲೆ ಮತ್ತೆ ಎರಡೂ ಮೀಟರ್‌ಗಳನ್ನು ಓದಿ.
4. ಈಗ ಮೌಲ್ಯ ಮೊದಲೇ ಗೊತ್ತಿರುವ ಪ್ರಮಾಣಿತ ದ್ರಾವಣಗಳಲ್ಲಿ ಪರೀಕ್ಷಿಸಿ. ಈ ಹಂತದಲ್ಲಿ ಓದುವುದಷ್ಟೇ ಕೆಲಸ, ಏನನ್ನೂ ತಿದ್ದುವಂತಿಲ್ಲ.
5. ಮಿತಿ ಮೀರಿದ್ದರೆ ಮಾತ್ರ ಕ್ಯಾಲಿಬ್ರೇಟ್ ಮಾಡಿ.

ಒಂದು ಲೆಕ್ಕ ನೋಡೋಣ. ತೊಳೆಯುವ ಮುಂಚೆ ಪ್ರೋಬ್ 4.1, ತೊಳೆದ ಮೇಲೆ 5.3 ಮಿ.ಗ್ರಾಂ ತೋರಿಸಿತು. ಅಷ್ಟರಲ್ಲಿ ಕೈಮೀಟರ್ 5.4ರಿಂದ 5.5ಕ್ಕೆ ಏರಿತು, ಅಂದರೆ ನೀರೇ 0.1 ಬದಲಾಗಿತ್ತು. ಲೋಳೆಯಿಂದ ಆದ ತಪ್ಪು 1.2ರಲ್ಲಿ 0.1 ಕಳೆದು 1.1 ಮಿ.ಗ್ರಾಂ. ನಾಲ್ಕನೇ ಹಂತದಲ್ಲಿ ಇನ್ನೂ 0.2 ಕಡಿಮೆ ಬಂದರೆ ಅದು ಸೆನ್ಸರಿನದೇ ಸರಿತ (ಡ್ರಿಫ್ಟ್), ಅಂದರೆ ಅಂಕಿ ತಾನಾಗಿ ಜಾರಿರುವುದು. ಎರಡನ್ನೂ ಬೇರೆ ಬೇರೆ ದಾಖಲಿಸಬೇಕು, ಯಾಕೆಂದರೆ ಎರಡರ ಪರಿಹಾರ ಬೇರೆ. ಮೊದಲನೆಯದಕ್ಕೆ ಒಂದು ತೊಳೆತಕ್ಕೂ ಇನ್ನೊಂದಕ್ಕೂ ನಡುವಿನ ದಿನಗಳನ್ನು ಕಡಿಮೆ ಮಾಡಬೇಕು, ಎರಡನೆಯದಕ್ಕೆ ಬಿಡಿಭಾಗ ಬದಲಿಸಬೇಕು. ಲೋಳೆ ದಿನದಿನಕ್ಕೆ ಕಟ್ಟುವಂಥದ್ದು. ಆದ್ದರಿಂದ ಹಿಂದಿನ ಭೇಟಿಯಿಂದ ಇಂದಿನವರೆಗೆ ಆ 1.1ನ್ನು ಸೊನ್ನೆಯಿಂದ ಮೇಲಕ್ಕೆ ಹಂತ ಹಂತವಾಗಿ ಹಂಚಿ ಹಳೆಯ ದತ್ತಾಂಶವನ್ನು ತಿದ್ದಬಹುದು. ನಡುವೆ ದೊಡ್ಡ ಮಳೆ ಬಂದು ಗೆರೆ ಒಮ್ಮೆಲೇ ಕೆಳಗಿಳಿದಿದ್ದರೆ ತಿದ್ದುಪಡಿ ಅಲ್ಲಿಂದ ಶುರುವಾಗಬೇಕು.

ಕ್ಯಾಲಿಬ್ರೇಷನ್ ಬೇಕೇ ಬೇಡವೇ ಎಂಬುದಕ್ಕೆ ಈ ಮಿತಿಗಳನ್ನು ಇಟ್ಟುಕೊಳ್ಳಬಹುದು: ಉಷ್ಣತೆ 0.2 ಡಿಗ್ರಿ, ಕರಗಿದ ಆಮ್ಲಜನಕ 0.3 ಮಿ.ಗ್ರಾಂ, ಪಿಎಚ್ (ಆಮ್ಲ-ಕ್ಷಾರದ ಅಳತೆ) 0.2, ವಾಹಕತೆ (ನೀರು ವಿದ್ಯುತ್ ಹರಿಸುವ ಶಕ್ತಿ) 5 ಮೈಕ್ರೋಸೀಮೆನ್ಸ್ ಅಥವಾ ಶೇ. 3 (ಯಾವುದು ಹೆಚ್ಚೋ ಅದು), ಟರ್ಬಿಡಿಟಿ (ನೀರಿನ ಕಲಕು) 0.5 ಘಟಕ ಅಥವಾ ಶೇ. 5. ಇದರೊಳಗೆ ಇದ್ದರೆ ಸುಮ್ಮನೆ ಬಿಡುವುದೇ ಮೇಲು. ಪ್ರತಿ ಕ್ಯಾಲಿಬ್ರೇಷನ್ನೂ ತನ್ನದೇ ಸಣ್ಣ ತಪ್ಪನ್ನು ತರುತ್ತದೆ.

ಎಷ್ಟು ಗೆರೆಗಳು ಒಟ್ಟಿಗೆ ಅಲುಗಾಡಿದವು?

ಸ್ಥಳಕ್ಕೆ ಹೋಗುವ ಮೊದಲೇ ಪರದೆಯ ಮೇಲೆ ಅರ್ಧ ಉತ್ತರ ಸಿಗುತ್ತದೆ. ಒಂದೇ ಅಂಶ ಜಿಗಿದು, ಉಳಿದವು ತಮ್ಮ ಪಾಡಿಗಿದ್ದರೆ ಮೊದಲ ಅನುಮಾನ ಆ ಸೆನ್ಸರ್ ಮೇಲೆ. ಹಲವು ಅಂಶಗಳು ಅರ್ಥವಿರುವ ದಿಕ್ಕಿನಲ್ಲಿ ಒಟ್ಟಿಗೆ ಚಲಿಸಿದರೆ ನೀರೇ ಬದಲಾಗಿದೆ. ಮಳೆಯಿಲ್ಲದ ದಿನ ವಾಹಕತೆ ಏರಿ, ಅಮೋನಿಯಾ ಏರಿ, ಆಮ್ಲಜನಕ ಇಳಿದರೆ ಎಲ್ಲಿಂದಲೋ ಕೊಳಚೆ ನೀರು ನುಗ್ಗಿದೆ. ವಾಹಕತೆ ಇಳಿದು ಕಲಕು ಏರಿದರೆ ಅದು ಮಳೆನೀರು.

ಎಲ್ಲವೂ, ಉಷ್ಣತೆಯೂ ಸೇರಿದಂತೆ, ಅದೇ ನಿಮಿಷದಲ್ಲಿ ಜಿಗಿದರೆ ಸೆನ್ಸರ್‌ಗಳನ್ನು ಬಿಟ್ಟು ವಿದ್ಯುತ್ತನ್ನೂ ನೀರಿನ ಮಟ್ಟವನ್ನೂ ನೋಡಿ. ನೀರು ಇಳಿದು ಪ್ರೋಬ್ ಗಾಳಿಯಲ್ಲಿ ನೇತಾಡುತ್ತಿದ್ದರೆ ವಾಹಕತೆ ಸೊನ್ನೆಯ ಹತ್ತಿರಕ್ಕೆ ಬೀಳುತ್ತದೆ, ಆಮ್ಲಜನಕ ಪರ್ಯಾಪ್ತತೆಯ (ನೀರು ಸಹಜವಾಗಿ ಹಿಡಿದಿಡಬಲ್ಲ ಮಟ್ಟದ) ಶೇ. 100ರ ಆಸುಪಾಸಿಗೆ ಹೋಗುತ್ತದೆ, ಉಷ್ಣತೆ ಗಾಳಿಯ ಹಾಗೆ ಹಗಲು ರಾತ್ರಿ ದೊಡ್ಡದಾಗಿ ಏರಿಳಿಯುತ್ತದೆ. ಇದನ್ನು ಗಮನಿಸದಿದ್ದರೆ ಒಣಗುತ್ತಿರುವ ಕೆರೆ ವರದಿಯಲ್ಲಿ ಅತಿ ಶುದ್ಧ ಕೆರೆಯಾಗಿಬಿಡುತ್ತದೆ. ಪ್ರೋಬ್ ಹೂಳಿನಲ್ಲಿ ಹೂತಿದ್ದರೆ ಚಿತ್ರ ತಿರುಗುಮುರುಗು: ಆಮ್ಲಜನಕ ಸೊನ್ನೆಗೆ ಅಂಟಿಕೊಂಡು, ಟರ್ಬಿಡಿಟಿ ಗರಿಷ್ಠ ಮಿತಿ ಮುಟ್ಟಿ, ಉಷ್ಣತೆಯ ದಿನದ ಏರಿಳಿತ ಬಹುತೇಕ ಮಾಯವಾಗುತ್ತದೆ.

ಕರಗಿದ ಆಮ್ಲಜನಕ

ದೂರುಗಳಲ್ಲಿ ಹೆಚ್ಚಿನವು ಇದರದೇ. ಮೊದಲು ಸಹಜವಾದದ್ದನ್ನು ಬದಿಗಿಡೋಣ. ಪಾಚಿ ತುಂಬಿದ ಹಸಿರು ನೀರಿನಲ್ಲಿ ಮಧ್ಯಾಹ್ನ ಪರ್ಯಾಪ್ತತೆ ಶೇ. 150–200 ತಲುಪುವುದು, ಬೆಳಗಿನ ಜಾವ ಸೊನ್ನೆಯ ಹತ್ತಿರ ಇಳಿಯುವುದು ಸಾಮಾನ್ಯ. ಜೊತೆಗೆ ಪಿಎಚ್ ಕೂಡ ಮಧ್ಯಾಹ್ನ 9 ದಾಟಿ ರಾತ್ರಿ ಇಳಿಯುತ್ತಿದ್ದರೆ, ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರುತ್ತಿದೆ ಎಂದು ಎರಡು ಬೇರೆ ಸೆನ್ಸರ್‌ಗಳು ಒಂದೇ ಸಾಕ್ಷಿ ಹೇಳುತ್ತಿವೆ. ಆಮ್ಲಜನಕ ಮಾತ್ರ ಕುಣಿದು ಪಿಎಚ್ ಸುಮ್ಮನಿದ್ದರೆ ಆಗ ಅನುಮಾನಿಸಿ. ಆಪ್ಟಿಕಲ್ (ಬೆಳಕಿನಿಂದ ಅಳೆಯುವ) ಸೆನ್ಸರಿನ ತುದಿಯ ಟೊಪ್ಪಿಯ ಮೇಲೆ ಕಟ್ಟಿದ ಲೋಳೆಪದರವೇ ಹಗಲಲ್ಲಿ ಆಮ್ಲಜನಕ ಉತ್ಪಾದಿಸಿ ರಾತ್ರಿ ಉಸಿರಾಡಿ, ಇಲ್ಲದ ಏರಿಳಿತವನ್ನು ತೋರಿಸಬಲ್ಲದು. ತೊಳೆದ ಮರುದಿನವೇ ಏರಿಳಿತ ಅರ್ಧಕ್ಕೆ ಇಳಿದು, ವಾರದಲ್ಲಿ ಮತ್ತೆ ಬೆಳೆದರೆ ಅದು ಲೋಳೆಯ ಉಸಿರಾಟ.

ಎಲ್ಲ ಅಂಕಿಯೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ಇದ್ದರೆ ವಾಯುಭಾರ ನೋಡಿ. ಸಮುದ್ರಮಟ್ಟದಲ್ಲಿ ಶುದ್ಧ ನೀರಿನ ಪರ್ಯಾಪ್ತ ಮೌಲ್ಯ 20 ಡಿಗ್ರಿಯಲ್ಲಿ 9.1, 25ರಲ್ಲಿ 8.3, 30ರಲ್ಲಿ 7.6 ಮಿ.ಗ್ರಾಂ. 900 ಮೀಟರ್ ಎತ್ತರದಲ್ಲಿ ವಾಯುಭಾರ ಸುಮಾರು 683 ಮಿ.ಮೀ. ಪಾದರಸಕ್ಕೆ ಇಳಿಯುವುದರಿಂದ ಈ ಅಂಕಿಗಳೂ ಸುಮಾರು ಶೇ. 10 ಇಳಿಯುತ್ತವೆ. ಹವಾಮಾನ ವರದಿಗಳು ಕೊಡುವ ವಾಯುಭಾರ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಅದನ್ನೇ ಮೀಟರಿಗೆ ತುಂಬಿಸಿದರೆ ಎತ್ತರದ ಊರಿನಲ್ಲಿ ಪ್ರತಿ ಓದೂ ಶೇ. 10ರಷ್ಟು ಹೆಚ್ಚು ಬರುತ್ತದೆ. ಮಾಲಿನ್ಯ ಕಡಿಮೆ ತೋರಿಸುವ ತಪ್ಪನ್ನು ಯಾರೂ ಪ್ರಶ್ನಿಸುವುದಿಲ್ಲ, ಆದ್ದರಿಂದ ಇದು ವರ್ಷಗಟ್ಟಲೆ ಹಾಗೆಯೇ ಉಳಿದುಬಿಡುತ್ತದೆ.

ಪೊರೆ ಇರುವ ಹಳೆಯ ಮಾದರಿಯ ಪ್ರೋಬ್‌ಗಳಲ್ಲಿ ನೋಡಬೇಕಾದದ್ದು ಪೊರೆಯನ್ನೇ. ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗಾಳಿಗುಳ್ಳೆ ಕಂಡರೂ, ಸುಕ್ಕು ಕಂಡರೂ ಅಂಕಿ ನಿಧಾನವಾಗುತ್ತದೆ, ಅಲೆಯುತ್ತದೆ. ಪೊರೆ ಬಿಚ್ಚಿದಾಗ ಬೆಳ್ಳಿಯ ಆನೋಡ್ ಕಪ್ಪಾಗಿದ್ದರೆ ಅದು ಬಹುತೇಕ ಹೈಡ್ರೋಜನ್ ಸಲ್ಫೈಡ್‌ನ ಕೆಲಸ. ಕೊಳೆತ ಮೊಟ್ಟೆಯ ವಾಸನೆ ಬರುವ ನೀರಿನಲ್ಲಿ ಪೊರೆಯ ಪ್ರೋಬ್ ಹೆಚ್ಚು ದಿನ ಬಾಳುವುದಿಲ್ಲ, ಅಲ್ಲಿ ಆಪ್ಟಿಕಲ್ ಹಾಕುವುದೇ ಸರಿ. ಇನ್ನೊಂದು ವಿಷಯ: ಪೊರೆಯ ಪ್ರೋಬ್ ತಾನು ಅಳೆಯುವ ಆಮ್ಲಜನಕವನ್ನು ತಾನೇ ತಿನ್ನುತ್ತದೆ. ನಿಂತ ನೀರಿನಲ್ಲಿ ಅದರ ಅಂಕಿ ನಿಮಿಷ ನಿಮಿಷಕ್ಕೂ ಇಳಿಯುತ್ತಾ ಹೋಗುತ್ತದೆ. ಕೇಬಲ್ ಹಿಡಿದು ಮೆಲ್ಲಗೆ ಆಡಿಸಿದಾಗ ಅಂಕಿ ಏರಿದರೆ ದೋಷ ಸೆನ್ಸರಿನದಲ್ಲ, ಸುತ್ತಲಿನ ನೀರು ಚಲಿಸುತ್ತಿಲ್ಲ ಅಷ್ಟೇ. ಪೊರೆಯ ಪ್ರೋಬ್‌ಗಳಲ್ಲೇ ಪೋಲರೋಗ್ರಾಫಿಕ್ ಎಂಬ ಮಾದರಿಗೆ ಆನ್ ಮಾಡಿದ ಮೇಲೆ 10–15 ನಿಮಿಷ ಕಾಯಬೇಕು. ಆತುರದಲ್ಲಿ ಓದಿದರೆ ಮೊದಲ ಅಂಕಿಗಳು ಹೆಚ್ಚಾಗಿಯೇ ಬರುತ್ತವೆ.

ಆಪ್ಟಿಕಲ್ ಸೆನ್ಸರಿನ ಟೊಪ್ಪಿ ಸಾಮಾನ್ಯವಾಗಿ ಒಂದೆರಡು ವರ್ಷದ ವಸ್ತು. ಹೊಸ ಟೊಪ್ಪಿ ಹಾಕಿ ಅದರ ಮೇಲಿನ ಗುಣಾಂಕಗಳನ್ನು ಮೀಟರಿಗೆ ತುಂಬಿಸುವುದು ಮರೆತರೆ ಎಷ್ಟು ಕ್ಯಾಲಿಬ್ರೇಟ್ ಮಾಡಿದರೂ ಶೇ. 100ರಲ್ಲಿ ಮಾತ್ರ ಸರಿ ಬಂದು ಕೆಳಗಡೆ ತಪ್ಪುತ್ತದೆ. ತೇವಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡುವಾಗ ಟೊಪ್ಪಿಯ ಮೇಲೆ ನೀರಹನಿ ಉಳಿದಿರಬಾರದು, ಉಷ್ಣತೆ ಸ್ಥಿರವಾಗುವವರೆಗೆ ಕಾಯಬೇಕು, ಪ್ರೋಬ್ ಇಟ್ಟ ಬಟ್ಟಲನ್ನು ಬಿಸಿಲಿನಲ್ಲಿ ಇಡಬಾರದು.

ಶೇ. 100 ಸರಿಯಿದ್ದರೆ ಸಾಲದು. ನಗರದ ಕೆರೆಯಲ್ಲಿ ನಿರ್ಧಾರ ಆಗುವುದು 0ಯಿಂದ 4 ಮಿ.ಗ್ರಾಂ ನಡುವೆ, ಆದ್ದರಿಂದ ಸೊನ್ನೆಯ ಪರೀಕ್ಷೆ ಕಡ್ಡಾಯ. 100 ಮಿ.ಲೀ. ನೀರಿಗೆ ಸುಮಾರು 2 ಗ್ರಾಂ ಸೋಡಿಯಂ ಸಲ್ಫೈಟ್, ಚಿಟಿಕೆಗಿಂತ ಕಡಿಮೆ ಕೋಬಾಲ್ಟ್ ಕ್ಲೋರೈಡ್ ಹಾಕಿ, ಹೆಚ್ಚು ಕಲಕದೆ ಪ್ರೋಬ್ ಮುಳುಗಿಸಿ. 5–10 ನಿಮಿಷದಲ್ಲಿ 0.1–0.2ಕ್ಕಿಂತ ಕೆಳಗೆ ಬರಬೇಕು. ಬಾರದಿದ್ದರೆ ಮೊದಲು ದ್ರಾವಣವನ್ನೇ ಹೊಸದಾಗಿ ಮಾಡಿ, ತೆರೆದಿಟ್ಟ ಸಲ್ಫೈಟ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಪ್ರೋಬನ್ನು ಚೆನ್ನಾಗಿ ತೊಳೆಯದಿದ್ದರೆ ಮುಂದಿನ ಓದುಗಳೂ ಕಡಿಮೆಯೇ ಬರುತ್ತವೆ.

ಎರಡು ಮೀಟರ್‌ಗಳು ಜಗಳವಾಡಿದಾಗ ತೀರ್ಪು ಕೊಡಬಲ್ಲದ್ದು ವಿಂಕ್ಲರ್ ಟೈಟ್ರೇಷನ್, ಅಂದರೆ ರಾಸಾಯನಿಕ ಹನಿಸಿ ಆಮ್ಲಜನಕ ಅಳೆಯುವ ವಿಧಾನ. 300 ಮಿ.ಲೀ. ಬಾಟಲಿಯನ್ನು ಗುಳ್ಳೆಯಿಲ್ಲದೆ ತುಂಬಿಸಿ, ಅದರ ಎರಡು ಮೂರು ಪಟ್ಟು ನೀರು ಉಕ್ಕಿ ಹರಿಯಲು ಬಿಡಬೇಕು. ಪಿಪೆಟ್ ತುದಿ ನೀರಿನೊಳಗಿರುವಂತೆ 1 ಮಿ.ಲೀ. ಮ್ಯಾಂಗನೀಸ್ ಸಲ್ಫೇಟ್, 1 ಮಿ.ಲೀ. ಕ್ಷಾರ-ಅಯೋಡೈಡ್-ಅಜೈಡ್ ಹಾಕಿ ಮುಚ್ಚಳ ಒತ್ತಿ, ಬಾಟಲಿಯನ್ನು ಹಲವು ಬಾರಿ ತಲೆಕೆಳಗೆ ಮಾಡಬೇಕು. ಇಲ್ಲಿ ಬಣ್ಣವೇ ಮಾತಾಡುತ್ತದೆ. ಮೋಡದ ಹಾಗೆ ಎದ್ದ ಒತ್ತರ (ಕರಗದೆ ಕೆಳಗೆ ಕೂರುವ ಪುಡಿ) ಕಾಫಿಪುಡಿಯ ಕಂದು ಬಣ್ಣದ್ದಾದರೆ ಆಮ್ಲಜನಕವಿದೆ. ಹಾಲಿನ ಹಾಗೆ ಬೆಳ್ಳಗೇ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ, ಮೀಟರ್ ಏನೇ ಹೇಳಲಿ. ಒತ್ತರ ಅರ್ಧ ಬಾಟಲಿಯಷ್ಟು ತಗ್ಗಿದ ಮೇಲೆ 1 ಮಿ.ಲೀ. ಸಾಂದ್ರ ಗಂಧಕಾಮ್ಲ ಹಾಕಿ ಕರಗಿಸಿ, 201 ಮಿ.ಲೀ. ಅಳೆದು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ, ಖರ್ಚಾದ ಪ್ರತಿ ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ ಆಮ್ಲಜನಕ. ಬಣ್ಣ ತಿಳಿ ಹುಲ್ಲಿನ ಹಳದಿಗೆ ಬಂದಾಗ ಪಿಷ್ಟ ಹಾಕಿ, ನೀಲಿ ಹೋಗುವವರೆಗೆ ಹನಿ ಹನಿಯಾಗಿ ಬಿಡಿ. ಹೋದ ನೀಲಿ ಕೆಲವೇ ಸೆಕೆಂಡಿನಲ್ಲಿ ಮರಳಿದರೆ ನೈಟ್ರೈಟ್ ಅಡ್ಡಬಂದಿದೆ, ಅಜೈಡ್ ಹಳತಾಗಿದೆ. ಸಲ್ಫೈಡ್ ಇರುವ ನೀರಿನಲ್ಲಿ ಅಯೋಡಿನ್ ಕಳೆದುಹೋಗಿ ವಿಂಕ್ಲರ್ ಕೂಡ ಕಡಿಮೆ ಹೇಳುತ್ತದೆ ಎಂಬುದನ್ನು ನೆನಪಿಡಬೇಕು.

ಪಿಎಚ್

ಪಿಎಚ್ ಮೀಟರಿನಲ್ಲಿ ಪಿಎಚ್ ನೋಡಿ ದೋಷ ಹುಡುಕಬೇಡಿ, ಮಿಲಿವೋಲ್ಟ್ ನೋಡಿ. 7ರ ಬಫರಿನಲ್ಲಿ (ಪಿಎಚ್ ಖಚಿತವಾಗಿ ಗೊತ್ತಿರುವ ದ್ರಾವಣದಲ್ಲಿ) 0ಯಿಂದ 30 ಮಿಲಿವೋಲ್ಟ್ ಆಚೀಚೆ ಇರಬೇಕು. 7ರಿಂದ 4ಕ್ಕೆ ಹೋದಾಗ ವ್ಯತ್ಯಾಸ 165–180 ಇರಬೇಕು (25 ಡಿಗ್ರಿಯಲ್ಲಿ ಸಿದ್ಧಾಂತದ ಪ್ರಕಾರ ಪ್ರತಿ ಘಟಕಕ್ಕೆ 59.16). ವ್ಯತ್ಯಾಸ ಕುಗ್ಗಿದ್ದರೆ ಗಾಜಿನ ಗುಂಡು ಹಳತಾಗಿದೆ ಅಥವಾ ಲೇಪ ಕಟ್ಟಿದೆ. ವ್ಯತ್ಯಾಸ ಸರಿಯಿದ್ದು 7ರಲ್ಲೇ 40–50 ಸರಿದಿದ್ದರೆ ರೆಫರೆನ್ಸ್ ಭಾಗ ಕೆಟ್ಟಿದೆ. ಎರಡು ಬಫರಿನಲ್ಲೂ ಒಂದೇ ಅಂಕಿ ಬಂದರೆ ಗಾಜು ಸೀಳಿದೆ ಅಥವಾ ಕನೆಕ್ಟರ್‌ಗೆ ನೀರು ಹೋಗಿದೆ, ಅದಕ್ಕೆ ಯಾವ ತೊಳೆತವೂ ಮದ್ದಲ್ಲ.

ಸುಣ್ಣದ ಲೇಪಕ್ಕೆ 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15 ನಿಮಿಷ, ಎಣ್ಣೆಗೆ ಪಾತ್ರೆ ಸೋಪಿನ ತೆಳು ದ್ರಾವಣ, ಆಮೇಲೆ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ಕೆಲವು ಗಂಟೆ ನೆನೆಯಲು ಬಿಡಿ. ಡಿಸ್ಟಿಲ್ಡ್ ನೀರಿನಲ್ಲಿ ಇಡುವ ಅಭ್ಯಾಸ ಎಲೆಕ್ಟ್ರೋಡನ್ನು ಕೊಲ್ಲುತ್ತದೆ. 10ರ ಬಫರ್ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಇಳಿಯುತ್ತದೆ, ಬಳಸಿದ್ದನ್ನು ಬಾಟಲಿಗೆ ವಾಪಸ್ ಸುರಿಯಬಾರದು. 25 ಡಿಗ್ರಿಯಲ್ಲಿ 10.01 ಇರುವ ಅದೇ ಬಫರ್ 20ರಲ್ಲಿ 10.06.

ಕೆರೆಯ ದಡದಲ್ಲಿ 9.2, ಪ್ರಯೋಗಾಲಯದಲ್ಲಿ 8.3 ಬಂದರೆ ಜಗಳ ಬೇಡ. ಕತ್ತಲ ಡಬ್ಬಿಯಲ್ಲಿ ಕೂತ ಬಾಟಲಿಯೊಳಗೆ ಪಾಚಿ ಉಸಿರಾಡುತ್ತಲೇ ಇರುತ್ತದೆ. ಪಿಎಚ್ ಅನ್ನು ಸ್ಥಳದಲ್ಲೇ, 15 ನಿಮಿಷದೊಳಗೆ ಓದಬೇಕು.

ವಾಹಕತೆ, ಟರ್ಬಿಡಿಟಿ, ಅಮೋನಿಯಾ

ವಾಹಕತೆಯ ಪ್ರೋಬ್ ಗಟ್ಟಿಜೀವಿ. ಒಣ ಗಾಳಿಯಲ್ಲಿ ಸೊನ್ನೆ, 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ 25 ಡಿಗ್ರಿಗೆ 1413 ಮೈಕ್ರೋಸೀಮೆನ್ಸ್ ಬಂದರೆ ಅದು ಸರಿಯಿದೆ. ಇದ್ದಕ್ಕಿದ್ದಂತೆ ಕಡಿಮೆ ಬಂದರೆ ಕೋಶದೊಳಗೆ ಗಾಳಿಗುಳ್ಳೆ ಸಿಕ್ಕಿರುತ್ತದೆ, ಅಲ್ಲಾಡಿಸಿ ನೋಡಿ. ಎರಡು ಮೀಟರ್‌ಗಳ ನಡುವೆ ಶೇ. 20ರಷ್ಟು ಅಂತರವಿದ್ದು ನೀರು 35 ಡಿಗ್ರಿ ಇದ್ದರೆ ಒಂದರಲ್ಲಿ ಉಷ್ಣತೆಯ ಸರಿದೂಗಿಕೆ ಆಫ್ ಆಗಿದೆ: 25ರಿಂದ ಮೇಲಕ್ಕೆ ಡಿಗ್ರಿಗೆ ಸುಮಾರು ಶೇ. 2, ಹತ್ತು ಡಿಗ್ರಿಗೆ ಶೇ. 20. ಸಾವಿರ ಪಟ್ಟು ಅಂತರ ಬಂದರೆ ಮೈಕ್ರೋ ಮತ್ತು ಮಿಲಿ ಅದಲುಬದಲಾಗಿದೆ.

ಟರ್ಬಿಡಿಟಿಯಲ್ಲಿ ಒಂಟಿ ಮುಳ್ಳಿನ ಹಾಗೆ ಏಳುವ ಅಂಕಿಗಳು ಗುಳ್ಳೆ, ಎಲೆ ಅಥವಾ ಮೀನು. ಅಂಕಿ ಏರಿ ಅಲ್ಲೇ ನಿಂತರೆ ವೈಪರ್ ನೋಡಿ. ಅದು ಮಸೂರದ ಮೇಲೇ ನಿಂತುಬಿಟ್ಟಿರುತ್ತದೆ, ಇಲ್ಲವೇ ಅದರ ಬ್ರಷ್‌ನಲ್ಲಿ ಹೂಳು ಕಚ್ಚಿಕೊಂಡಿರುತ್ತದೆ. ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆಗೆ ಬಳಸಿದ ನೀರೇ ಶುದ್ಧವಿರಲಿಲ್ಲ, 0.2 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಸೋಸಿನ ನೀರು ಬೇಕು. ಟರ್ಬಿಡಿಟಿ ಕ್ಯಾಲಿಬ್ರೇಷನ್‌ಗೆ ಬಳಸುವ ಫಾರ್ಮಾಜಿನ್ ದ್ರಾವಣದ ಬಾಟಲಿಯನ್ನು ಕುಲುಕಬಾರದು, ಮೆಲ್ಲಗೆ ತಲೆಕೆಳಗೆ ಮಾಡಬೇಕು. 860 ನ್ಯಾನೋಮೀಟರ್ ಅವಕೆಂಪು ಬೆಳಕಿನ ಮೀಟರ್‌ಗೂ ಟಂಗ್‌ಸ್ಟನ್ ಬಲ್ಬಿನ ಮೀಟರ್‌ಗೂ ಹಸಿರು ನೀರಿನಲ್ಲಿ ಹೊಂದಾಣಿಕೆ ಬರುವುದಿಲ್ಲ. ಬಿಳಿ ಬೆಳಕನ್ನು ಪಾಚಿಯ ಬಣ್ಣ ನುಂಗುತ್ತದೆ. ಎರಡೂ ಸರಿ, ಹೋಲಿಸಿದ್ದು ಮಾತ್ರ ತಪ್ಪು.

ಅಮೋನಿಯಂ ಅಯಾನು ಎಲೆಕ್ಟ್ರೋಡ್ ಮೇಲೆ ಕುರುಡು ನಂಬಿಕೆ ಬೇಡ. ಪೊಟ್ಯಾಸಿಯಂ ಅದಕ್ಕೆ ಅಮೋನಿಯಂ ಹಾಗೆಯೇ ಕಾಣುತ್ತದೆ, ಪೊರೆ ಕೆಲವೇ ತಿಂಗಳು ಬಾಳುತ್ತದೆ. ಏರುವ ಇಳಿಯುವ ದಿಕ್ಕು ತಿಳಿಯಲು ಅದು ಸಾಕು, ವರದಿಗೆ ಬೇಕಾದ ಅಂಕಿ ಪ್ರಯೋಗಾಲಯದಿಂದಲೇ ಬರಲಿ. ಮಧ್ಯಾಹ್ನ ಅದು ಇಳಿದು ರಾತ್ರಿ ಏರಿದರೂ ಗಾಬರಿಯಾಗಬೇಡಿ. ಪಿಎಚ್ 9.25ರಲ್ಲಿ (25 ಡಿಗ್ರಿ) ಅಮೋನಿಯಾದ ಅರ್ಧ ಭಾಗ ಅನಿಲರೂಪಕ್ಕೆ ತಿರುಗಿರುತ್ತದೆ, ಎಲೆಕ್ಟ್ರೋಡ್ ಉಳಿದ ಅರ್ಧವನ್ನು ಮಾತ್ರ ನೋಡುತ್ತದೆ. ಮೀನುಗಳನ್ನು ಕೊಲ್ಲುವುದು ಆ ಕಾಣದ ಅರ್ಧ.

ಮಾದರಿ ತೆಗೆದ ರೀತಿಯೇ ತಪ್ಪಾಗಿದ್ದರೆ

ಉಪಕರಣ ಸರಿಯಿದ್ದೂ ಅಂಕಿ ತಪ್ಪುವುದು ಇಲ್ಲಿಂದ. ಏರಿಯ ಮೇಲೆ ನಿಂತು ಬಕೆಟ್ ಎಸೆದು ಎತ್ತಿದ ನೀರಿನಲ್ಲಿ ಆಮ್ಲಜನಕ ಅಳೆದರೆ ಬಕೆಟ್ ಬೆರೆಸಿದ ಗಾಳಿಯನ್ನು ಅಳೆದ ಹಾಗೆ. ಗಾಳಿ ಬೀಸುವ ದಿಕ್ಕಿನ ದಡದಲ್ಲಿ ಪಾಚಿಯ ಕೆನೆ ಗುಡ್ಡೆಯಾಗಿರುತ್ತದೆ, ಅಲ್ಲಿನ ಒಂದು ಬಾಟಲಿ ಇಡೀ ಕೆರೆಯ ಮಾತಾಗದು. ಮೇಲ್ಮೈಗಿಂತ ಸುಮಾರು 30 ಸೆಂ.ಮೀ. ಕೆಳಗೆ, ಒಳಹರಿವಿನ ಬಾಯಿ, ನಡುಮಧ್ಯ, ಕೋಡಿ, ಕನಿಷ್ಠ ಈ 3 ಕಡೆ ತೆಗೆಯಬೇಕು. ನೀರಿಗೆ ಇಳಿದವರು ಕಲಕಿದ ಹೂಳು ಬಾಟಲಿಗೆ ಬಂದರೆ ರಂಜಕದಿಂದ ಹಿಡಿದು ಸೀಸದವರೆಗೆ ಎಲ್ಲ ಹೆಚ್ಚು ಬರುತ್ತದೆ.

ಮೇಲೆ 9 ಮಿ.ಗ್ರಾಂ, 3 ಮೀಟರ್ ಆಳದಲ್ಲಿ 0 ಬಂದರೆ ಎರಡೂ ನಿಜ, ಬೇಸಿಗೆಯಲ್ಲಿ ನೀರು ಪದರ ಕಟ್ಟಿದೆ. ಪ್ರತಿ ಸಲ ಬೆಳಿಗ್ಗೆ 11ಕ್ಕೆ ಹೋಗಿ ಬರುವ ತಂಡಕ್ಕೆ ಕೆರೆ ಎಂದೂ ತನ್ನ ಕೆಟ್ಟ ಗಳಿಗೆಯನ್ನು ತೋರಿಸುವುದಿಲ್ಲ. ತಿಂಗಳಿಗೊಮ್ಮೆಯಾದರೂ ಸೂರ್ಯ ಹುಟ್ಟುವ ಮುಂಚೆ ಅಳೆಯಬೇಕು. ಕತ್ತಲಲ್ಲಿ ಒಬ್ಬರೇ ನೀರಿಗಿಳಿಯುವುದು ಬೇಡ. ಮುಚ್ಚಿದ ಚರಂಡಿ ಗುಂಡಿಗಳಿಗಂತೂ ಅನಿಲ ಪರೀಕ್ಷೆ ಮಾಡದೆ ಯಾರೂ ಇಣುಕಬಾರದು, ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ.

ರಂಜಕದ ಖಾಲಿ ಪರೀಕ್ಷೆಯೇ (ಮಾದರಿಯ ಬದಲು ಶುದ್ಧ ನೀರಿನಿಂದ ಮಾಡಿದ್ದು) ನೀಲಿ ಬಂದರೆ ಗಾಜಿನ ಪಾತ್ರೆಗಳನ್ನು ಯಾವುದರಲ್ಲಿ ತೊಳೆದರು ಎಂದು ಕೇಳಿ. ಫಾಸ್ಫೇಟ್ ಇರುವ ಸೋಪಿನ ಅಂಶ ಗಾಜಿಗೆ ಅಂಟಿಕೊಳ್ಳುತ್ತದೆ. ಆಮ್ಲದಲ್ಲಿ ತೊಳೆದ ಪಾತ್ರೆಗಳನ್ನು ಆ ಪರೀಕ್ಷೆಗೆಂದೇ ಬೇರೆ ಇಡಬೇಕು.

ಬಿಒಡಿ ಮತ್ತು ಸಿಒಡಿ

ಬಿಒಡಿ (ನೀರಿನ ಕೊಳೆಯನ್ನು ಬ್ಯಾಕ್ಟೀರಿಯಾ ತಿನ್ನುವಾಗ ಖರ್ಚಾಗುವ ಆಮ್ಲಜನಕ) 20 ಡಿಗ್ರಿಯಲ್ಲಿ 5 ದಿನವೋ 27 ಡಿಗ್ರಿಯಲ್ಲಿ 3 ದಿನವೋ, ಯಾವ ವಿಧಾನವೆಂದು ಅಂಕಿಯ ಪಕ್ಕದಲ್ಲೇ ಬರೆದಿರಬೇಕು. ಫಲಿತಾಂಶ ಒಪ್ಪಬೇಕಾದರೆ ಕೊನೆಗೆ ಬಾಟಲಿಯಲ್ಲಿ ಕನಿಷ್ಠ 1 ಮಿ.ಗ್ರಾಂ ಆಮ್ಲಜನಕ ಉಳಿದಿರಬೇಕು, ಕನಿಷ್ಠ 2 ಮಿ.ಗ್ರಾಂ ಖರ್ಚಾಗಿರಬೇಕು. 300 ಮಿ.ಲೀ. ಬಾಟಲಿಗೆ 15 ಮಿ.ಲೀ. ಮಾದರಿ ಹಾಕಿ 8.2ರಿಂದ 4.0ಕ್ಕೆ ಇಳಿದರೆ 4.2ನ್ನು 0.05ರಿಂದ ಭಾಗಿಸಿ 84. ಅದೇ ಮಾದರಿಯ 5 ಮಿ.ಲೀ. ಹಾಕಿದ ಬಾಟಲಿಯಲ್ಲಿ 1.5 ಮಾತ್ರ ಇಳಿದಿದ್ದರೆ ಲೆಕ್ಕ 90 ಅಂದರೂ ಅದನ್ನು ಬಿಡಬೇಕು. 60 ಮಿ.ಲೀ. ಮಾದರಿ ಹಾಕಿದ ಬಾಟಲಿಯಲ್ಲಿ 0.3 ಮಾತ್ರ ಉಳಿದಿದ್ದರೆ ಅದು ಫಲಿತಾಂಶವೇ ಅಲ್ಲ.

ಮಾದರಿ ಹಾಕದೆ ಬೆರೆಸುವ ನೀರನ್ನಷ್ಟೇ ತುಂಬಿದ ಬಾಟಲಿಯಲ್ಲಿ ಆಮ್ಲಜನಕ 0.2ಕ್ಕಿಂತ ಹೆಚ್ಚು ಇಳಿದರೆ ನೀರಿನಲ್ಲೋ ಪೈಪಿನಲ್ಲೋ ಲೋಳೆ ಇದೆ. ಗ್ಲುಕೋಸ್ ಮತ್ತು ಗ್ಲುಟಾಮಿಕ್ ಆಮ್ಲ ತಲಾ 150 ಮಿ.ಗ್ರಾಂ ಇರುವ ದ್ರಾವಣ 5 ದಿನದ ಪರೀಕ್ಷೆಯಲ್ಲಿ 198ರ 30.5 ಆಚೀಚೆ ಬರಬೇಕು. ಕಡಿಮೆ ಬಂದರೆ ಪರೀಕ್ಷೆಗೆಂದು ಸೇರಿಸಿದ ಬ್ಯಾಕ್ಟೀರಿಯಾಗಳು ದುರ್ಬಲ. ಮಾದರಿಯನ್ನು ಹೆಚ್ಚು ತೆಳುಮಾಡಿದಷ್ಟೂ ಬಿಒಡಿ ಹೆಚ್ಚು ಬರುತ್ತಾ ಹೋದರೆ ಮಾದರಿಯಲ್ಲಿ ವಿಷವಿದೆ: ಕ್ಲೋರಿನ್ ಅಥವಾ ಲೋಹ. ಬ್ಯಾಕ್ಟೀರಿಯಾಗಳು ತೆಳುವಾದ ಬಾಟಲಿಯಲ್ಲಿ ಮಾತ್ರ ಉಸಿರಾಡಿವೆ. ಕಾರ್ಖಾನೆಯ ನೀರು ಸೇರುವ ಕೆರೆಯಲ್ಲಿ ಕಡಿಮೆ ಬಿಒಡಿಯನ್ನು ಸಿಹಿಸುದ್ದಿ ಎಂದು ಬರೆಯುವ ಮೊದಲು ಇದನ್ನೊಮ್ಮೆ ನೋಡಲೇಬೇಕು.

ಹಸಿರು ಕೆರೆಯ ಮಾದರಿಗೆ ಇನ್ನೂ ಎರಡು ತೊಡಕುಗಳಿವೆ. ಮಧ್ಯಾಹ್ನ ತೆಗೆದ ನೀರಿನಲ್ಲಿ ಆಮ್ಲಜನಕ ಪರ್ಯಾಪ್ತ ಮಟ್ಟಕ್ಕಿಂತ ಹೆಚ್ಚಿರುತ್ತದೆ. ಅರ್ಧ ತುಂಬಿದ ಬಾಟಲಿಯಲ್ಲಿ ಜೋರಾಗಿ ಕುಲುಕಿ ಅದನ್ನು ಕೆಳಗಿಳಿಸಿಯೇ ಶುರು ಮಾಡಬೇಕು, ಇಲ್ಲದಿದ್ದರೆ ತಾನಾಗಿ ಹೊರಹೋದ ಆಮ್ಲಜನಕವೂ ಬಿಒಡಿ ಲೆಕ್ಕಕ್ಕೆ ಸೇರುತ್ತದೆ. ಇನ್‌ಕ್ಯುಬೇಟರಿನ ಬಾಗಿಲಿನಿಂದ ಬೆಳಕು ಸೋರಿದರೆ ಪಾಚಿ ಒಳಗೇ ಆಮ್ಲಜನಕ ಉತ್ಪಾದಿಸಿ ಬಿಒಡಿ ಸೊನ್ನೆಗಿಂತ ಕೆಳಗೆ ಬರುವುದೂ ಉಂಟು. ಬಾಟಲಿ ಬಾಯಿಯ ನೀರಿನ ಮುದ್ರೆ ಒಣಗಿದ್ದರೂ ಗಾಳಿ ನುಗ್ಗಿ ಅಂಕಿ ಕಡಿಮೆಯಾಗುತ್ತದೆ.

ಸಿಒಡಿಯಲ್ಲಿ (ಕೊಳೆಯನ್ನು ಡೈಕ್ರೋಮೇಟ್ ಎಂಬ ರಾಸಾಯನಿಕದಿಂದ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ), 150 ಡಿಗ್ರಿಯಲ್ಲಿ 2 ಗಂಟೆ ಕಾಯಿಸಿದ ಮೇಲೆ ಕೊಳವೆ ಪೂರಾ ಹಸಿರಾಗಿದ್ದರೆ ಡೈಕ್ರೋಮೇಟ್ ಮುಗಿದಿದೆ. ಮಾದರಿ ತೆಳುಮಾಡಿ ಮತ್ತೆ ಮಾಡಿ. ಕ್ಲೋರೈಡ್ ಪ್ರತಿ ಮಿ.ಗ್ರಾಂಗೆ 0.226 ಮಿ.ಗ್ರಾಂ ಸುಳ್ಳು ಸಿಒಡಿ ಸೇರಿಸಬಲ್ಲದು. 500 ಮಿ.ಗ್ರಾಂ ಕ್ಲೋರೈಡ್ ಇದ್ದರೆ 113ರವರೆಗೆ. ಅದನ್ನು ಕಟ್ಟಿಹಾಕಲು ಕ್ಲೋರೈಡಿನ 10 ಪಟ್ಟು ತೂಕದ ಮರ್ಕ್ಯುರಿಕ್ ಸಲ್ಫೇಟ್ ಬೇಕು. ಆ ಪಾದರಸದ ತ್ಯಾಜ್ಯ ಸಿಂಕಿಗೆ ಹೋಗಬಾರದು, ಹೋದರೆ ನಾವೇ ಕೆರೆಗೆ ಪಾದರಸ ಸುರಿದಂತೆ. ಪರೀಕ್ಷೆಯ ಪರೀಕ್ಷೆಗೆ 425 ಮಿ.ಗ್ರಾಂ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ಲೀಟರಿಗೆ ಹಾಕಿದರೆ ಸಿಒಡಿ 500 ಬರಬೇಕು.

ವರದಿ ಕೈಗೆ ಬಂದ ಕೂಡಲೇ ಹೀಗೆ ತಾಳೆ ನೋಡಿ: ಬಿಒಡಿ ಸಿಒಡಿಗಿಂತ ಹೆಚ್ಚಿದೆಯೇ? ಕರಗಿದ ಫಾಸ್ಫೇಟ್‌ನ ರಂಜಕ ಒಟ್ಟು ರಂಜಕವನ್ನು ಮೀರಿದೆಯೇ? ಕರಗಿದ ಲವಣಗಳನ್ನು ವಾಹಕತೆಯಿಂದ ಭಾಗಿಸಿದರೆ 0.55–0.7ರ ಆಚೆ ಬರುತ್ತಿದೆಯೇ? ಯಾವುದಕ್ಕೆ ಹೌದು ಎಂದರೂ ಎಲ್ಲೋ ಒಂದು ಬಾಟಲಿ, ಒಂದು ದಶಮಾಂಶ ಬಿಂದು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು.

ತಂತಿ, ಬ್ಯಾಟರಿ, ಗಡಿಯಾರ

ಸ್ಥಳದ ಪರದೆಯಲ್ಲಿ ಸರಿಯಿದ್ದು ಕಚೇರಿಯ ಪರದೆಯಲ್ಲಿ ತಪ್ಪಿದ್ದರೆ ದೋಷ ನೀರಿನ ಆಚೆಗಿದೆ. ಎರಡರ ಅನುಪಾತ ಸದಾ ಒಂದೇ ಇದ್ದರೆ ಸ್ಕೇಲ್ ತಪ್ಪು: ಪ್ರೋಬ್ 0–20ಕ್ಕೆ, ಲಾಗರ್ (ಅಂಕಿಗಳನ್ನು ದಾಖಲಿಸುವ ಪೆಟ್ಟಿಗೆ) 0–10ಕ್ಕೆ ಹೊಂದಿಸಿದ್ದರೆ ಎಲ್ಲವೂ ಅರ್ಧ ಬರುತ್ತದೆ. ಅಂತರ ಸದಾ ಒಂದೇ ಇದ್ದರೆ ಸೊನ್ನೆಬಿಂದು ತಪ್ಪು. ಅಂಕಿಯನ್ನು 4–20 ಮಿಲಿಆಂಪಿಯರ್ ವಿದ್ಯುತ್ತಾಗಿ ಕಳುಹಿಸುವ ತಂತಿಯಲ್ಲಿ 3.6ಕ್ಕಿಂತ ಕಡಿಮೆ ಬಂದರೆ ತಂತಿ ತುಂಡಾಗಿದೆ ಅಥವಾ ಪ್ರೋಬ್ ಕೆಟ್ಟಿದೆ. ಇದನ್ನು ಸೊನ್ನೆ ಎಂದು ದಾಖಲಿಸುವ ಲಾಗರ್‌ಗಳಿವೆ, ಆಗ ತುಂಡಾದ ತಂತಿ ಮೀನುಗಳ ಮಾರಣಹೋಮದ ಎಚ್ಚರಿಕೆ ಕೊಡುತ್ತದೆ. ಮಾಡ್‌ಬಸ್‌ನಲ್ಲಿ (ಪ್ರೋಬ್ ಮತ್ತು ಲಾಗರ್ ಮಾತಾಡುವ ಡಿಜಿಟಲ್ ಭಾಷೆ) ಅರ್ಥವಿಲ್ಲದ ಭಾರೀ ಅಥವಾ ಅತಿಸೂಕ್ಷ್ಮ ಅಂಕಿ ಬಂದರೆ 32 ಬಿಟ್ ಸಂಖ್ಯೆಯ ಎರಡು ಅರ್ಧಗಳು ಹಿಂದುಮುಂದಾಗಿವೆ. ಏನೂ ಬಾರದಿದ್ದರೆ ಎ ಮತ್ತು ಬಿ ತಂತಿ ಅದಲುಬದಲು ಮಾಡಿ ನೋಡಿ, ಆಮೇಲೆ ವೇಗದ ಹೊಂದಾಣಿಕೆ, ವಿಳಾಸ.

ಪ್ರತಿ ಗಂಟೆಗೆ ಸರಿಯಾಗಿ ಒಂದು ಮುಳ್ಳು ಎದ್ದರೆ ಅದು ಮೋಡೆಮ್ ಕಳುಹಿಸುವ ಗಳಿಗೆ. ಆ ಹೊತ್ತಿಗೆ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಸುಮ್ಮನಿದ್ದಾಗ 12.4 ತೋರಿಸುವ ಬ್ಯಾಟರಿ ಕಳುಹಿಸುವಾಗ 11ಕ್ಕೆ ಬೀಳಬಹುದು, ಆದ್ದರಿಂದ ಮಲ್ಟಿಮೀಟರನ್ನು ಆ ಕ್ಷಣದಲ್ಲೇ ಹಿಡಿದಿರಬೇಕು. ಬ್ಯಾಟರಿ ದುರ್ಬಲವಾದಾಗ ದತ್ತಾಂಶ ಕಾಣೆಯಾಗುವುದು ಬೆಳಗಿನ ಜಾವ 2ರಿಂದ 6ರ ನಡುವೆ. ಕೆರೆಗೆ ಉಸಿರು ಕಟ್ಟುವುದೂ ಆ ಹೊತ್ತಿನಲ್ಲೇ. ಹಾಗಾಗಿ ಶೇ. 85 ದತ್ತಾಂಶ ಬಂದಿದೆ ಎಂಬುದು ಸಮಾಧಾನದ ಮಾತಲ್ಲ, ಬಾರದ ಶೇ. 15 ಯಾವ ಗಂಟೆಗಳದ್ದು ಎಂದು ನೋಡದೆ ಆ ತಿಂಗಳ ಸರಾಸರಿ ಬರೆಯಬಾರದು. ಲಾಗರ್ ಹಳೆಯ ಅಂಕಿಯನ್ನೇ ಮರುಕಳಿಸುತ್ತಿದೆಯೇ ಎಂಬುದಕ್ಕೆ ಉಷ್ಣತೆಯ ಎರಡನೇ ದಶಮಾಂಶ ನೋಡಿ. ಗಂಟೆಗಟ್ಟಲೆ ಅದೂ ಬದಲಾಗದಿದ್ದರೆ ಬರುತ್ತಿರುವುದು ನೀರಿನ ಸುದ್ದಿಯಲ್ಲ.

ಗಡಿಯಾರ ಸರಿಯಿದೆಯೇ ಎಂದು ಹೇಳಲು ಕೆರೆಯೇ ಸಾಕು. ಬಿಸಿಲಿನ ದಿನ ಆಮ್ಲಜನಕದ ಶಿಖರ ಮಧ್ಯಾಹ್ನ 2ರಿಂದ 5ರೊಳಗೆ, ತಳ ಸೂರ್ಯೋದಯದ ಹತ್ತಿರ ಬರಬೇಕು. ಶಿಖರ ನಡುರಾತ್ರಿಗೋ ಬೆಳಿಗ್ಗೆ 9ಕ್ಕೋ ಬಂದಿದ್ದರೆ, ಆ ಅಂತರ ಸ್ಥಳೀಯ ಕಾಲಕ್ಕೂ ಯುಟಿಸಿಗೂ (ಜಾಗತಿಕ ಪ್ರಮಾಣ ಕಾಲ) ಇರುವ ವ್ಯತ್ಯಾಸಕ್ಕೆ ಸಮನಾಗಿದೆಯೇ ನೋಡಿ. ಸಮನಾಗಿದ್ದರೆ ಲಾಗರ್ ಯುಟಿಸಿಯಲ್ಲಿ ಬರೆಯುತ್ತಿದೆ, ಸಮಯದ ಕಾಲಂ ಸರಿಪಡಿಸಿದರೆ ಸಾಕು. ಶಿಖರ ದಿನದಿಂದ ದಿನಕ್ಕೆ ಸರಿಯುತ್ತಾ ಹೋದರೆ ಲಾಗರಿನೊಳಗಿನ ಗುಂಡಿ ಬ್ಯಾಟರಿ ಮುಗಿದಿದೆ. ಅದನ್ನು ಬದಲಿಸುವ ಮೊದಲು, ಲಾಗರ್ ತೋರಿಸುತ್ತಿರುವ ಸಮಯವನ್ನೂ ನಿಜವಾದ ಸಮಯವನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ.